ಬಡಾವಣೆಯ ಬಟ್ಟೆ ಅಂಗಡಿ, ಊರಿನ ಕಲಾವಿದರ ಗೋಡೆ: ದಾವಣಗೆರೆಯಲ್ಲಿ ಬೊಟಿಕ್ ತೆರೆಯುವವರಿಗೆ ಮಾರ್ಗದರ್ಶಿ

ಗಿರಣಿಗಳ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ದಾವಣಗೆರೆಯಲ್ಲಿ ಬಟ್ಟೆ ಅಂಗಡಿಗಳಿಗೆ ಬರವಿಲ್ಲ. ಮದುವೆ ಜವಳಿಗೆಂದು ಹರಿಹರ, ಹರಪನಹಳ್ಳಿ, ಜಗಳೂರು, ಚನ್ನಗಿರಿ ಕಡೆಯ ಕುಟುಂಬಗಳು ಗಾಡಿ ಮಾಡಿಕೊಂಡು ಇವತ್ತಿಗೂ ಇಲ್ಲಿಗೇ ಬರುತ್ತವೆ. ಇದೇ ಊರಿನಲ್ಲಿ 1964ರಿಂದ ಕಲಾಶಾಲೆಯೊಂದು ನಡೆದುಬಂದಿದೆ. ಈಗ ಅದು ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯ. ಅಲ್ಲಿ ಕಲಿತು ಹೊರಬಂದ ಹುಡುಗ ಹುಡುಗಿಯರಿಗೆ ಮಾತ್ರ ತಮ್ಮ ಚಿತ್ರಕ್ಕೆ ಬೆಲೆ ಬರೆದು ತೂಗುಹಾಕಲು ಊರಿನೊಳಗೆ ಗೋಡೆ ಸಿಗುವುದು ಕಷ್ಟ. ಒಂದು ಬಡಾವಣೆಯ ಸಣ್ಣ ಬೊಟಿಕ್ ಆ ಗೋಡೆ ಆಗಬಲ್ಲದು. ಹೇಗೆ ಎಂಬುದನ್ನು ಇಲ್ಲಿ ಒಂದೊಂದೇ ಹೆಜ್ಜೆಯಾಗಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಚಿತ್ರವನ್ನು ಅಂಗಡಿಯ ಅಲಂಕಾರ ಎಂದು ನೋಡುವುದಾದರೆ ಈ ಕೆಲಸಕ್ಕೆ ಇಳಿಯಬೇಡಿ. ಒಂದು ಪೋಸ್ಟರ್ ಅಂಟಿಸಿದರೆ ಸಾಕು. ಸ್ಟ್ಯಾಂಡಿನಲ್ಲಿರುವ ಕುರ್ತಾಕ್ಕೆ ಚೀಟಿ, ಬೆಲೆ, ಲೆಕ್ಕ ಇರುವ ಹಾಗೆ ಗೋಡೆಯ ಚಿತ್ರಕ್ಕೂ ಇರಬೇಕು. ಅದರ ಮೇಲೆ ಬರೆದವರ ಹೆಸರೂ ಇರಬೇಕು.

ಮೊದಲ ಹೆಜ್ಜೆ: ಏನನ್ನು ಮಾರುವುದಿಲ್ಲ ಎಂದು ತೀರ್ಮಾನಿಸಿ

ಮದುವೆ ರೇಷ್ಮೆಗೆ ಕೈ ಹಾಕಬೇಡಿ. ನೂರಾರು ಸೀರೆ ಒಟ್ಟಿಗೆ ಬಿಚ್ಚಿ ತೋರಿಸುವ ದೊಡ್ಡ ಅಂಗಡಿಗಳ ಜೊತೆ ಬೆಲೆಯಲ್ಲೂ ಸಂಖ್ಯೆಯಲ್ಲೂ ಪೈಪೋಟಿ ಮಾಡಲು ಆಗದು. ಮಕ್ಕಳ ಬಟ್ಟೆ, ಜೀನ್ಸ್ ಕೂಡ ಬೇಡ. ಜೀನ್ಸಿಗೆ ಪಕ್ಕದ ಬಳ್ಳಾರಿಯೇ ಹೆಸರುವಾಸಿ, ಅಲ್ಲಿಂದ ಬರುವ ಸಗಟು ಮಾಲಿನ ಮುಂದೆ ಸಣ್ಣ ಅಂಗಡಿಗೆ ಉಳಿಯುವುದು ಏನೂ ಇಲ್ಲ.

ನಿಮಗೆ ಉಳಿಯುವುದು ದಿನಬಳಕೆಯ ಹತ್ತಿ ಕುರ್ತಾ, ಕೈಮಗ್ಗದ ಸೀರೆ, ದುಪಟ್ಟ, ಇವೆಲ್ಲಕ್ಕಿಂತ ಮುಖ್ಯವಾಗಿ ಹೊಲಿಗೆ. ಬ್ಲೌಸ್ ಹೊಲಿಯುವುದು, ಫಾಲ್, ಪೀಕೋ, ಕುಚ್ಚು, ಹಳೆಯ ಬಟ್ಟೆ ಸಡಿಲ ಮಾಡಿಕೊಡುವುದು. ಒಂದು ಬ್ಲೌಸಿಗಾಗಿ ಒಬ್ಬ ಹೆಂಗಸು ಕಡಿಮೆಯೆಂದರೂ ಎರಡು ಸಲ ಬರುತ್ತಾಳೆ: ಅಳತೆಗೆ ಒಮ್ಮೆ, ಒಯ್ಯಲು ಒಮ್ಮೆ. ಸರಿಹೋಗದಿದ್ದರೆ ಮೂರನೆಯ ಸಲ. ಸೀರೆ ಕೊಳ್ಳುವವಳು ಹಾಗೆ ಬರುವುದಿಲ್ಲ. ಬಾಡಿಗೆ ಕಟ್ಟುವುದು ಹೊಲಿಗೆ ಎಂದೇ ಲೆಕ್ಕ ಹಾಕಿ. ಚಿತ್ರ ಮಾರಾಟದ ದುಡ್ಡನ್ನು ಮೊದಲ ವರ್ಷ ಬಾಡಿಗೆಯ ಲೆಕ್ಕಕ್ಕೆ ಸೇರಿಸಲೇಬೇಡಿ.

ಚಿತ್ರ ಮಾರಾಟವಾಗುವುದೂ ಈ ಕಾಯುವ ಹೊತ್ತಿನಲ್ಲೇ. ಗುಂಡಿ ಹಾಕುವವರೆಗೆ ಹತ್ತು ನಿಮಿಷ ಕೂತವರ ಕಣ್ಣು ಎದುರಿನ ಗೋಡೆಗೆ ಹೋಗುತ್ತದೆ. ಮುಂದಿನ ಸಲ ಬಂದಾಗ ‘ಆ ಕೆಂಪು ಚಿತ್ರ ಹೋಯ್ತಾ?’ ಎಂದು ಕೇಳುತ್ತಾರೆ. ಮೂರನೆಯ ಸಲಕ್ಕೆ ಬೆಲೆ ಕೇಳುತ್ತಾರೆ.

ಜಾಗ ಹುಡುಕುವುದು

ಚೌಕಿಪೇಟೆ, ಮಂಡಿಪೇಟೆ ಸಗಟು ವ್ಯಾಪಾರದ ಜಾಗಗಳು. ಜನ ಅಲ್ಲಿ ಅವಸರದಲ್ಲಿರುತ್ತಾರೆ, ಗಾಡಿ ನಿಲ್ಲಿಸಲು ಜಾಗವಿರುವುದಿಲ್ಲ. ಪಿ.ಜೆ. ಬಡಾವಣೆ, ಎಂ.ಸಿ.ಸಿ. ‘ಎ’ ಬ್ಲಾಕ್, ‘ಬಿ’ ಬ್ಲಾಕ್, ವಿದ್ಯಾನಗರ, ನಿಜಲಿಂಗಪ್ಪ ಬಡಾವಣೆಯಂಥ ಕಡೆ ಮನೆಯ ಕೆಳಮಹಡಿ ಸಿಕ್ಕರೆ ಒಳ್ಳೆಯದು. ಸಂಜೆ ವಾಕಿಂಗ್‌ಗೆ ಹೊರಟವರು, ಮಕ್ಕಳನ್ನು ಟ್ಯೂಷನ್ನಿಗೆ ಬಿಟ್ಟು ಕಾಯುವವರು, ಕಾಲೇಜಿನ ಉಪನ್ಯಾಸಕಿಯರು ಇವರೇ ನಿಮ್ಮ ಗಿರಾಕಿಗಳು. ಮುನ್ನೂರು ನಾನೂರು ಚದರಡಿ ಸಾಕು, ಆದರೆ ಕಿಟಕಿ ಬಾಗಿಲುಗಳಿಂದ ತುಂಡಾಗದ ಒಂದು ಉದ್ದನೆಯ ಗೋಡೆ ಬೇಕೇ ಬೇಕು.

ಪಶ್ಚಿಮಕ್ಕೆ ಮುಖ ಮಾಡಿದ, ಗಾಜಿನ ಮುಂಭಾಗವಿರುವ ಅಂಗಡಿ ತಗೊಳ್ಳಬೇಡಿ. ಮಾರ್ಚ್‌ನಿಂದ ಮೇವರೆಗೆ ಇಲ್ಲಿನ ಮಧ್ಯಾಹ್ನದ ಬಿಸಿಲು ಕಿಟಕಿ ಪಕ್ಕದ ಕುರ್ತಾದ ಒಂದು ಭುಜವನ್ನಷ್ಟೇ ಮಸುಕು ಮಾಡಿಬಿಡುತ್ತದೆ, ಜಲವರ್ಣದ ಚಿತ್ರವನ್ನಂತೂ ಹಾಳೇ ಮಾಡುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಗಾಜಿಗೆ ಅತಿನೇರಳೆ ತಡೆಯುವ ಫಿಲ್ಮ್ ಹಾಕಿಸಿ, ಚಿತ್ರಗಳನ್ನು ಎದುರು ಗೋಡೆ ಬಿಟ್ಟು ಪಕ್ಕದ ಗೋಡೆಗೆ ಹಾಕಿ.

ಕಾಗದಪತ್ರ

ಮಹಾನಗರ ಪಾಲಿಕೆಯಿಂದ ಉದ್ದಿಮೆ ಪರವಾನಗಿ, ಕಾರ್ಮಿಕ ಇಲಾಖೆಯಲ್ಲಿ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ಬೆಸ್ಕಾಂನಲ್ಲಿ ವಾಣಿಜ್ಯ ಸಂಪರ್ಕ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ‘ಉದ್ಯಮ್’ ನೋಂದಣಿ ಆನ್‌ಲೈನ್‌ನಲ್ಲಿ ಉಚಿತ. ಅದಕ್ಕೆ ದುಡ್ಡು ಕೇಳುವ ಏಜೆಂಟರನ್ನು ದೂರವಿಡಿ. ಹೊಲಿಗೆ ಯಂತ್ರ, ಓವರ್‌ಲಾಕ್ ಯಂತ್ರಕ್ಕೆ ಬಂಡವಾಳ ಬೇಕಾದರೆ ಮುದ್ರಾ ಯೋಜನೆಯ ‘ಶಿಶು’ ಸಾಲ 50,000 ರೂಪಾಯಿವರೆಗೆ, ‘ಕಿಶೋರ’ 5 ಲಕ್ಷದವರೆಗೆ ಸಿಗುತ್ತದೆ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, ಅದೂ ಮೇಲ್ಭಾಗದಲ್ಲಿ. ಇದು ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ. ಫ್ಲೆಕ್ಸ್ ಬಂದಮೇಲೆ ಕೆಲಸ ಕಳೆದುಕೊಂಡ ಬೋರ್ಡ್ ಕಲಾವಿದರು ಊರಿನಲ್ಲಿ ಇನ್ನೂ ಇದ್ದಾರೆ. ಹಲಗೆಯನ್ನು ಅವರ ಕೈಯಲ್ಲೇ ಬರೆಸಿ. ನಿಮ್ಮ ಅಂಗಡಿಯ ಮೊದಲ ಕಲಾಕೃತಿ ಅದೇ ಆಗಲಿ.

ಜಿಎಸ್‌ಟಿಯಲ್ಲಿ ಬೊಟಿಕ್‌ನವರು ಎಡವುವ ಒಂದು ಜಾಗವಿದೆ. ಬರೀ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟಿದಾಗ ನೋಂದಣಿ ಕಡ್ಡಾಯ. ಹೊಲಿಗೆ ಎಂಬುದು ಸರಕಲ್ಲ, ಸೇವೆ; ಸೇವೆಯೂ ಸೇರಿದರೆ ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ಚಿತ್ರ ಮಾರಿಕೊಟ್ಟು ಪಡೆಯುವ ಕಮಿಷನ್ ಕೂಡ ಸೇವೆಯೇ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ 18 ತೆರಿಗೆ. ಹಾಗಾಗಿ ಕುರ್ತಾ ಸೆಟ್ಟಿನ ಬೆಲೆ ಇಡುವಾಗ 2,500ರ ಗೆರೆ ನೆನಪಿರಲಿ.

ಇನ್ನೊಂದು ಎಚ್ಚರಿಕೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದಿದ್ದವು. ಚಿತ್ರದ ಪೂರ್ತಿ ಹಣ ನಿಮ್ಮ ಖಾತೆಗೆ ಬಂದರೆ, ಅದರಲ್ಲಿ ಹೆಚ್ಚಿನ ಪಾಲು ಕಲಾವಿದರದ್ದು ಎಂಬುದನ್ನು ಸಾಬೀತು ಮಾಡುವ ಹೊಣೆ ನಿಮ್ಮದೇ. ಚಿತ್ರಗಳ ಮಾರಾಟಕ್ಕೆ ಪ್ರತ್ಯೇಕ ಖಾತೆ, ಪ್ರತ್ಯೇಕ ಕ್ಯೂಆರ್ ಇಡಿ, ಕಲಾವಿದರಿಗೆ ಹಣವನ್ನು ಬ್ಯಾಂಕ್ ಮೂಲಕವೇ ಕಳಿಸಿ. ಮಾಲನ್ನು ಅವರ ಹೆಸರಿನಲ್ಲಿ ಮಾರುತ್ತೀರೋ ನಿಮ್ಮ ಹೆಸರಿನಲ್ಲೋ ಎಂಬುದರ ಮೇಲೆ ನೋಂದಣಿ ನಿಯಮ ಬದಲಾಗುತ್ತದೆ. ಬಾಗಿಲು ತೆರೆಯುವ ಮೊದಲೇ ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಕೂತು ಮಾತಾಡಿ.

ಬಟ್ಟೆ ಎಲ್ಲಿಂದ, ಹೇಗೆ

ನಮ್ಮ ಸುತ್ತಮುತ್ತಲೇ ಇರುವುದನ್ನು ಮೊದಲು ನೋಡಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ರೇಷ್ಮೆ ಸೀರೆಗೆ ಭೌಗೋಳಿಕ ಗುರುತಿನ (ಜಿಐ) ಮಾನ್ಯತೆ ಇದೆ, ಅಂದರೆ ಆ ಹೆಸರು ಆ ಊರಿನ ಮಾಲಿಗಷ್ಟೇ ಸಲ್ಲುತ್ತದೆ. ರೇಷ್ಮೆ ಬೇಡ ಎಂದೆ ನಿಜ, ಆದರೆ ನೇಕಾರರಿಂದ ನೇರವಾಗಿ ತಂದ ನಾಲ್ಕೈದು ಮೊಳಕಾಲ್ಮೂರು ಸೀರೆಗಳನ್ನು ಕಲಾಕೃತಿಯಂತೆಯೇ ಇಟ್ಟು, ನೇಯ್ದವರ ಹೆಸರು ಬರೆದು ಮಾರಬಹುದು. ಚಳ್ಳಕೆರೆ ಕಡೆಯ ಕುರಿ ಉಣ್ಣೆಯ ಕಂಬಳಿ ಮೈಮೇಲಿನ ಉಡುಪಿಗೆ ಒರಟು. ಚೀಲಕ್ಕೆ, ಕೂರುವ ಹಾಸಿಗೆ, ಗೋಡೆಗೆ ಚೆನ್ನ. ಗುಳೇದಗುಡ್ಡದ ಖಣ ಬ್ಲೌಸಿಗೆ ಹೇಳಿ ಮಾಡಿಸಿದ್ದು.

ಲಂಬಾಣಿ ಕಸೂತಿಗೆ ದೂರ ಹೋಗಬೇಕಿಲ್ಲ. ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ನಮ್ಮದೇ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ, ಸುತ್ತ ತಾಂಡಾಗಳಿವೆ. ಫೆಬ್ರುವರಿಯ ಜಯಂತಿಗೆ ಒಮ್ಮೆ ಹೋಗಿ ಬನ್ನಿ, ಕನ್ನಡಿ ಕವಡೆಗಳ ಕೆಲಸ ಬಲ್ಲ ಹಿರಿಯ ಹೆಂಗಸರ ಪರಿಚಯವಾಗುತ್ತದೆ. ಅವರಿಗೆ ತುಂಡಿಗಿಷ್ಟು ಎಂದು ಕೂಲಿ ಗೊತ್ತುಮಾಡಬೇಡಿ. ಒಂದು ಗೇಣು ಕಸೂತಿಗೆ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಪಕ್ಕದಲ್ಲಿ ಕೂತು ನೋಡಿ, ಗಂಟೆಯ ಲೆಕ್ಕದಲ್ಲಿ ಕೊಡಿ. ‘ಸಂಡೂರು ಲಂಬಾಣಿ ಕಸೂತಿ’ ಎಂಬ ಹೆಸರಿಗೆ ಪ್ರತ್ಯೇಕ ಭೌಗೋಳಿಕ ಗುರುತಿದೆ; ನಮ್ಮ ತಾಂಡಾದ ಕೆಲಸಕ್ಕೆ ಆ ಹೆಸರು ಹಾಕಬೇಡಿ, ತಾಂಡಾದ ಹೆಸರನ್ನೇ ಹಾಕಿ. ಹಾಗೆಯೇ ಕೈಮಗ್ಗದ ಬಟ್ಟೆಯೆಲ್ಲ ಖಾದಿಯಲ್ಲ. ಖಾದಿ ಎಂದರೆ ನೂಲೂ ಕೈಯಲ್ಲೇ ತೆಗೆದದ್ದು, ಆ ಹೆಸರಿನಲ್ಲಿ ಮಾರಲು ಖಾದಿ ಆಯೋಗದ ಪ್ರಮಾಣಪತ್ರ ಬೇಕು.

ಹೊಸ ಥಾನು ಬಂದ ತಕ್ಷಣ ಒಂದು ಬಿಳಿ ಬಟ್ಟೆ ಒದ್ದೆ ಮಾಡಿ ಗಟ್ಟಿಯಾಗಿ ಉಜ್ಜಿ ನೋಡಿ. ಬಣ್ಣ ಹತ್ತಿದರೆ ವಾಪಸ್ ಕಳಿಸಿ. ಹತ್ತಿಯನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುರ್ತಾ ಮೇಲೇರುತ್ತದೆ. ಬ್ಲೌಸಿನ ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಅಂಗುಲವಾದರೂ ಒಳಬಟ್ಟೆ ಬಿಡಿ. ಎರಡು ವರ್ಷದ ನಂತರ ಸಡಿಲ ಮಾಡಿಸಲು ಅದೇ ಗಿರಾಕಿ ನಿಮ್ಮಲ್ಲಿಗೇ ಬರುತ್ತಾಳೆ.

ಕತ್ತರಿಸಿ ಉಳಿದ ಚೂರುಗಳನ್ನು ಎಸೆಯಬೇಡಿ. ಈ ಭಾಗದ ಮನೆಗಳಲ್ಲಿ ಕೌದಿ ಹೊಲಿಯುವ ಅಜ್ಜಿಯರು ಇನ್ನೂ ಇದ್ದಾರೆ. ಬಣ್ಣದ ಪ್ರಕಾರ ಚೂರು ವಿಂಗಡಿಸಿ ಕೊಟ್ಟು, ಕೂಲಿ ಕೊಟ್ಟು ಹೊಲಿಸಿ. ಅಂಥ ಕೌದಿಯನ್ನು ಗೋಡೆಗೆ ಹಾಕಿದಾಗ ಅದರ ಪಕ್ಕದ ಎಣ್ಣೆವರ್ಣದ ಚಿತ್ರಕ್ಕಿಂತ ಒಂದು ತೂಕವೂ ಕಡಿಮೆ ಕಾಣುವುದಿಲ್ಲ.

ಕಲಾವಿದರ ಜೊತೆ ಕರಾರು

ದೃಶ್ಯಕಲಾ ಮಹಾವಿದ್ಯಾಲಯದ ವಾರ್ಷಿಕ ಪ್ರದರ್ಶನಕ್ಕೆ ಹೋಗಿ, ವಿದ್ಯಾರ್ಥಿಗಳ ಕೆಲಸ ನೋಡಿ. ಪ್ರೌಢಶಾಲೆಗಳ ಡ್ರಾಯಿಂಗ್ ಮೇಷ್ಟ್ರುಗಳನ್ನು ಕೇಳಿ. ಎಷ್ಟೋ ಜನ ಮನೆಯ ಅಟ್ಟದಲ್ಲಿ ಒಳ್ಳೆಯ ಚಿತ್ರಗಳನ್ನು ಇಟ್ಟುಕೊಂಡಿರುತ್ತಾರೆ. ಒಮ್ಮೆಗೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಹತ್ತು ಜನರ ಒಂದೊಂದು ಚಿತ್ರ ತೂಗುಹಾಕಿದರೆ ಯಾರ ಕೆಲಸವೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

‘ನಿಮಗೆ ಪ್ರಚಾರ ಸಿಗುತ್ತದೆ’ ಎಂದು ಪುಕ್ಕಟೆ ಚಿತ್ರ ಕೇಳುವುದನ್ನು ದಯವಿಟ್ಟು ಬಿಡಿ. ಬಣ್ಣ, ಕ್ಯಾನ್ವಾಸು, ಚೌಕಟ್ಟು ಎಲ್ಲಕ್ಕೂ ಅವರು ಕೈಯಿಂದ ಹಾಕಿರುತ್ತಾರೆ. ಚಿತ್ರ ಅವರ ಸ್ವತ್ತಾಗಿಯೇ ಉಳಿಯಲಿ, ಮಾರಾಟವಾದರೆ ನಿಮಗೆ ಒಂದು ಪಾಲು. ದೊಡ್ಡ ನಗರದ ಗ್ಯಾಲರಿಗಳು ಅರ್ಧದವರೆಗೂ ತೆಗೆದುಕೊಳ್ಳುವುದುಂಟು. ಬಟ್ಟೆ ಅಂಗಡಿಗೆ ಶೇ 30 ನ್ಯಾಯ ಎಂಬುದು ನನ್ನ ಅಭಿಪ್ರಾಯ. ಲೆಕ್ಕ ಹೀಗಿರಲಿ: 4,000 ರೂಪಾಯಿಯ ಚಿತ್ರಕ್ಕೆ ಕಲಾವಿದರು 600 ಕೊಟ್ಟು ಚೌಕಟ್ಟು ಹಾಕಿಸಿದ್ದರೆ ಮೊದಲು ಆ 600 ಅವರಿಗೆ. ಉಳಿದ 3,400ರಲ್ಲಿ ಶೇ 30, ಅಂದರೆ 1,020 ನಿಮಗೆ. ಅವರ ಕೈಗೆ ಒಟ್ಟು 2,980.

ಇದೆಲ್ಲ ಒಂದು ಪುಟದ ಕನ್ನಡ ಕರಾರಿನಲ್ಲಿರಲಿ, ಇಬ್ಬರ ಸಹಿಯೂ ಇರಲಿ:

- ಪ್ರತಿ ಚಿತ್ರದ ಹೆಸರು, ಅಳತೆ, ಮಾಧ್ಯಮ, ಬೆಲೆ, ಒಪ್ಪಿಸಿದ ದಿನದ ಫೋಟೊ
- ಎಷ್ಟು ದಿನ ಗೋಡೆಯ ಮೇಲಿರುತ್ತದೆ (ಮೂರು ತಿಂಗಳು ಸರಿಯಾದ ಅವಧಿ)
- ಮಾರಾಟವಾದ ಎಷ್ಟು ದಿನದೊಳಗೆ ಹಣ ಸಂದಾಯ
- ಚೌಕಾಸಿಯಲ್ಲಿ ಎಷ್ಟರವರೆಗೆ ಇಳಿಸಬಹುದು, ಇಳಿಸಿದರೆ ಯಾರ ಪಾಲಿನಿಂದ
- ಹಾಳಾದರೆ, ಕಳುವಾದರೆ ಹೊಣೆ ಯಾರದು

ಕೊನೆಯ ಅಂಶಕ್ಕೆ ನನ್ನ ಉತ್ತರ ಒಂದೇ: ಅಂಗಡಿಯದು. ಅಂಗಡಿಯ ವಿಮೆಯಲ್ಲಿ ಕಲಾಕೃತಿಗಳು ಸಾಮಾನ್ಯವಾಗಿ ತಾವಾಗಿಯೇ ಸೇರಿರುವುದಿಲ್ಲ. ಪಾಲಿಸಿ ಮಾಡಿಸುವಾಗಲೇ ಬೆಲೆ ಸಮೇತ ನಮೂದಿಸಲು ಹೇಳಿ.

ಈಗ ಎಲ್ಲಕ್ಕಿಂತ ಸೂಕ್ಷ್ಮವಾದ ವಿಷಯ. ಒಂದು ಚಿತ್ರ ನಿಮಗೆ ಬಹಳ ಹಿಡಿಸುತ್ತದೆ, ಅದನ್ನು ದುಪಟ್ಟದ ಮೇಲೆ ಮುದ್ರಿಸಿ ಮಾರೋಣ ಅನ್ನಿಸುತ್ತದೆ. ಚಿತ್ರವನ್ನು ನೀವೇ ಕೊಂಡಿದ್ದರೂ ಹಾಗೆ ಮಾಡುವಂತಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕ್ಯಾನ್ವಾಸು ಕೈ ಬದಲಾದರೂ ನಕಲು ಮಾಡುವ ಹಕ್ಕು ಕಲಾವಿದರಲ್ಲೇ ಉಳಿಯುತ್ತದೆ. ಅವರ ಜೀವಿತಾವಧಿ ಮತ್ತು ಆನಂತರ 60 ವರ್ಷ. ಆ ಹಕ್ಕನ್ನು ಬರವಣಿಗೆಯಲ್ಲೇ ಪಡೆಯಬೇಕು. ಅವಧಿ ಬರೆಯದೆ ಹಕ್ಕು ವರ್ಗಾಯಿಸಿದರೆ ಐದು ವರ್ಷ ಎಂದು ಕಾನೂನು ಭಾವಿಸುತ್ತದೆ. ನೀವೇ ದುಡ್ಡು ಕೊಟ್ಟು ಹೇಳಿ ಬರೆಸಿದ ಚಿತ್ರದ ವಿಷಯ ಬೇರೆ: ಬೇರೆ ಒಪ್ಪಂದ ಇಲ್ಲದಿದ್ದರೆ ಅದರ ಹಕ್ಕು ಬರೆಸಿದವರಿಗೇ ಹೋಗುತ್ತದೆ. ಕಲಾವಿದರಿಗೆ ಇದು ಗೊತ್ತಿರುವುದು ಕಡಿಮೆ. ನೀವೇ ಮೊದಲು ಹೇಳಿಬಿಡಿ. ದುಪಟ್ಟ ಒಂದಕ್ಕೆ ಇಷ್ಟು ಎಂದು ಗೌರವಧನ ನಿಗದಿ ಮಾಡಿ, ಎಷ್ಟು ಮುದ್ರಿಸುತ್ತೀರಿ ಎಂದು ಬರೆದುಕೊಡಿ, ದುಪಟ್ಟದ ಅಂಚಿನಲ್ಲಿ ಅವರ ಹೆಸರು ಹಾಕಿ.

ಗೋಡೆ ಸಜ್ಜು ಮಾಡುವುದು

ಬಾಡಿಗೆ ಕಟ್ಟಡದಲ್ಲಿ ಪ್ರತಿ ಸಲ ಮೊಳೆ ಹೊಡೆದರೆ ಮಾಲೀಕರ ಜೊತೆ ಜಗಳ ತಪ್ಪದು. ಛಾವಣಿಯಿಂದ ಅರ್ಧ ಅಡಿ ಕೆಳಗೆ ಉದ್ದಕ್ಕೂ ಅಲ್ಯೂಮಿನಿಯಂ ಪಟ್ಟಿ ಕೂರಿಸಿ, ಅದರಿಂದ ಉಕ್ಕಿನ ತಂತಿಯಲ್ಲಿ ಚಿತ್ರಗಳನ್ನು ಇಳಿಬಿಡಿ. ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಅಂಗುಲ ಎತ್ತರದಲ್ಲಿರಲಿ. ನಮ್ಮಲ್ಲಿ ದೇವರ ಪಟದ ಅಭ್ಯಾಸದಿಂದ ಎಲ್ಲವನ್ನೂ ಮೇಲೆ ಏರಿಸಿಬಿಡುತ್ತೇವೆ. ಕತ್ತೆತ್ತಿ ನೋಡಬೇಕಾದ ಚಿತ್ರವನ್ನು ಯಾರೂ ಕೊಳ್ಳುವುದಿಲ್ಲ. ಕಾಯುವವರು ಕೂರುವ ಬೆಂಚಿನ ಎದುರಿಗೆ ಮಾತ್ರ ಇನ್ನೂ ಸ್ವಲ್ಪ ತಗ್ಗಿಸಿ. ಟ್ರಯಲ್ ರೂಮಿನ ಹೊರಗೋಡೆ ಸಣ್ಣ ರೇಖಾಚಿತ್ರಗಳಿಗೆ ಒಳ್ಳೆಯ ಜಾಗ.

ಬೆಳಕಿಗೆ ದುಡ್ಡು ಖರ್ಚು ಮಾಡಿ. ಬಲ್ಬಿನ ಡಬ್ಬಿಯ ಮೇಲೆ ಸಿಆರ್‌ಐ (ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಳತೆ) 90ಕ್ಕಿಂತ ಹೆಚ್ಚು ಎಂದು ಬರೆದಿರುವ, 3,000ದಿಂದ 4,000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಎಲ್‌ಇಡಿ ತನ್ನಿ. ಚಿತ್ರದ ಮೇಲೆ ನೆಟ್ಟಗೆ ಬಿಡದೆ ಮೇಲಿನಿಂದ 30 ಡಿಗ್ರಿ ಓರೆಯಾಗಿ ಬೀಳಿಸಿದರೆ ಗಾಜು ಹೊಳೆಯುವುದಿಲ್ಲ. ಇದೇ ಬೆಳಕು ಬ್ಲೌಸ್ ಪೀಸನ್ನು ಸೀರೆಗೆ ಹೊಂದಿಸುವಾಗಲೂ ಬೇಕು. ‘ಅಂಗಡಿಯಲ್ಲಿ ನೋಡಿದ ಬಣ್ಣ ಮನೆಯಲ್ಲಿ ಇಲ್ಲ’ ಎಂಬ ದೂರು ಅರ್ಧಕ್ಕರ್ಧ ಕೆಟ್ಟ ಟ್ಯೂಬ್‌ಲೈಟಿನದು.

ಬಟ್ಟೆ ಅಂಗಡಿಯಲ್ಲಿ ಚಿತ್ರಗಳಿಗೆ ಶತ್ರುಗಳು ಎರಡು: ನೂಲಿನ ಧೂಳು ಮತ್ತು ಹಬೆ. ಕತ್ತರಿ ಮೇಜಿನಿಂದ ಏಳುವ ಎಳೆಗಳು ಒಣಗದ ಎಣ್ಣೆವರ್ಣಕ್ಕೆ ಅಂಟಿಕೊಂಡರೆ ತೆಗೆಯಲು ಬರುವುದಿಲ್ಲ. ಪೂರ್ತಿ ಒಣಗಿದ ಚಿತ್ರವನ್ನೇ ತಗೊಳ್ಳಿ. ಸ್ಟೀಮ್ ಇಸ್ತ್ರಿಯನ್ನು ಕಾಗದದ ಚಿತ್ರಗಳಿಂದ ಆದಷ್ಟು ದೂರ, ಸಾಧ್ಯವಾದರೆ ಬೇರೆ ಕೋಣೆಯಲ್ಲಿಡಿ. ಹಬೆಗೆ ಕಾಗದ ಅಲೆ ಅಲೆಯಾಗಿ ಉಬ್ಬುತ್ತದೆ. ಬೆಳಿಗ್ಗೆ ಕಸ ಗುಡಿಸುವ ಮೊದಲು ನೆಲಕ್ಕೆ ನೀರು ಚಿಮುಕಿಸಿ, ಚೌಕಟ್ಟುಗಳನ್ನು ಒಣ ಮೃದು ಕುಂಚದಿಂದ ಒರೆಸಿ. ಒದ್ದೆ ಬಟ್ಟೆ ಬೇಡವೇ ಬೇಡ.

ಪ್ರತಿ ಚಿತ್ರದ ಕೆಳಗೆ ಕನ್ನಡದಲ್ಲಿ ಚೀಟಿ: ಕಲಾವಿದರ ಹೆಸರು, ಊರು, ಮಾಧ್ಯಮ, ವರ್ಷ, ಬೆಲೆ. ಬೆಲೆಯನ್ನು ಮುಚ್ಚಿಡಬೇಡಿ. ಕೇಳಲು ಸಂಕೋಚಪಡುವವರೇ ನಮ್ಮಲ್ಲಿ ಹೆಚ್ಚು. ಬೆಲೆ ಕಾಣದಿದ್ದರೆ ‘ನಮಗಲ್ಲ’ ಎಂದು ಸುಮ್ಮನಾಗುತ್ತಾರೆ. ಸಣ್ಣ ಅಳತೆಯ, ಎರಡು ಮೂರು ಸಾವಿರದೊಳಗಿನ ಕೃತಿಗಳು ಹೆಚ್ಚಿರಲಿ. ಗೃಹಪ್ರವೇಶದ ಉಡುಗೊರೆಗೆ ಮತ್ತೊಂದು ಗೋಡೆ ಗಡಿಯಾರದ ಬದಲು ಚಿತ್ರ ಕೊಡಬಹುದು ಎಂದು ಗಿರಾಕಿಗೆ ಹೇಳಿ ನೋಡಿ. ಈ ಮಾತು ಕೆಲಸ ಮಾಡುತ್ತದೆ.

ವರ್ಷದ ಲೆಕ್ಕ

ಕೈಯಲ್ಲಿ ದುಡ್ಡು ಓಡಾಡುವ ಕಾಲ ನಮ್ಮಲ್ಲಿ ಬೆಳೆಯ ಜೊತೆ ತಳಕು ಹಾಕಿಕೊಂಡಿದೆ. ಮೆಕ್ಕೆಜೋಳ ಎಪಿಎಂಸಿಗೆ ಬಂದ ಮೇಲೆ, ಭದ್ರಾ ನಾಲೆಯ ಕೆಳಗಿನ ಭತ್ತ ಕೊಯ್ಲಾದ ಮೇಲೆ, ಚನ್ನಗಿರಿ ಕಡೆಯ ಅಡಿಕೆ ಮಾರಾಟವಾದ ಮೇಲೆ ಅಂಗಡಿಗಳು ತುಂಬುತ್ತವೆ. ಹೊಸ ಬಟ್ಟೆಯ ಬಂಡವಾಳವನ್ನು ವರಮಹಾಲಕ್ಷ್ಮಿ, ಗೌರಿ ಹಬ್ಬ, ದೀಪಾವಳಿಗೆ ಇಡಿ. ಮದುವೆಗಳಿಲ್ಲದ ಆಷಾಢದಲ್ಲಿ ಎಲ್ಲರ ಹಾಗೆ ರಿಯಾಯಿತಿ ಬೋರ್ಡ್ ಹಾಕುವುದರ ಬದಲು ಆ ತಿಂಗಳನ್ನು ಕಲೆಗೆ ಕೊಡಿ: ಹೊಸ ಪ್ರದರ್ಶನ, ಭಾನುವಾರ ಮಕ್ಕಳಿಗೆ ಚಿತ್ರ ಬರೆಯುವ ಎರಡು ಗಂಟೆ, ಕುಚ್ಚು ಕಟ್ಟುವುದನ್ನು ಕಲಿಸುವ ಒಂದು ಮಧ್ಯಾಹ್ನ. ಹೊಲಿಗೆಯವರಿಗೂ ಆಗ ಬಿಡುವಿರುತ್ತದೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಹೊತ್ತಿಗೆ ಮಾತ್ರ ಹೊಲಿಗೆಯ ಆರ್ಡರ್ ತಿಂಗಳ ಮೊದಲೇ ನಿಲ್ಲಿಸಿಬಿಡಿ. ಕೊಟ್ಟ ದಿನಕ್ಕೆ ಬ್ಲೌಸ್ ಸಿಗದ ಹೆಂಗಸು ಮತ್ತೆ ನಿಮ್ಮ ಮೆಟ್ಟಿಲು ಹತ್ತುವುದಿಲ್ಲ.

ಪ್ರದರ್ಶನ ಶುರುವಾಗುವ ಸಂಜೆ ಕಲಾವಿದರು ಅಲ್ಲೇ ಇರಲಿ. ಭಾಷಣ, ರಿಬ್ಬನ್, ಶಾಲು ಬೇಡ. ಚಹಾ, ಖಾರ ಮಂಡಕ್ಕಿ, ಮಿರ್ಚಿ ಸಾಕು. ಆದರೆ ಮಿರ್ಚಿಯ ತಟ್ಟೆ ಬಾಗಿಲಾಚೆ ಜಗಲಿಯಲ್ಲಿರಲಿ, ಎಣ್ಣೆ ಕೈ ಸೀರೆಗೆ ತಾಗಬಾರದು. ಅಕ್ಕಪಕ್ಕದ ಮನೆಗಳಿಗೆ ನೀವೇ ಹೋಗಿ ಕರೆಯಿರಿ.

ಮೂರು ತಿಂಗಳು ಮುಗಿದ ದಿನ ಕಲಾವಿದರನ್ನು ಕರೆದು ಪುಸ್ತಕ ತೆರೆದು ತೋರಿಸಿ: ಯಾವುದು ಹೋಯಿತು, ಎಷ್ಟಕ್ಕೆ, ಯಾವ ಚಿತ್ರದ ಬೆಲೆಯನ್ನು ಎಷ್ಟು ಜನ ಕೇಳಿ ಬಿಟ್ಟರು. ಕೇಳಿ ಬಿಟ್ಟವರ ಲೆಕ್ಕ ಅವರಿಗೆ ಮುಂದಿನ ಬೆಲೆ ಇಡಲು ಬಹಳ ಸಹಾಯವಾಗುತ್ತದೆ, ಹಾಗಾಗಿ ಮೊದಲ ದಿನದಿಂದಲೇ ಬರೆದಿಡಿ. ಉಳಿದ ಚಿತ್ರಗಳನ್ನು ಒಪ್ಪಿಸಿದ ದಿನದ ಫೋಟೊದೊಂದಿಗೆ ಹೋಲಿಸಿ, ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಸಾಗಾಟದ ಖರ್ಚು ನೀವೇ ಕೊಟ್ಟು ವಾಪಸ್ ಕಳಿಸಿ, ತಲುಪಿದ್ದಕ್ಕೆ ಸಹಿ ತಗೊಳ್ಳಿ. ಮುಂದಿನವರ ಚಿತ್ರ ಏರಿಸುವ ಮೊದಲು ಗೋಡೆಗೆ ಒಂದು ಕೈ ಸುಣ್ಣವೋ ಬಣ್ಣವೋ ಹೊಡೆಸಿ.